ಒಂದೇ ತುಣುಕು, ಹನ್ನೊಂದು ಸಲ: ಹೊಸ ಕೇಳುಗರೊಬ್ಬರ ಪ್ರಕರಣ

ನನ್ನ ಚಿಕ್ಕಪ್ಪನಿಗೆ ಈಗ 61. ಕೆಲಸದಲ್ಲಿದ್ದಷ್ಟು ಕಾಲವೂ ಲೆಕ್ಕಪತ್ರ ನೋಡಿಕೊಂಡು ಬಂದವರು. ನಿವೃತ್ತರಾದ ಮೇಲೆ ಅವರಿಗೊಂದು ಆಸೆ ಹುಟ್ಟಿತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಬೇಕು, ಅದೂ ಸುಮ್ನೆ ಹಿನ್ನೆಲೆಯಲ್ಲಿ ಓಡಿಸಿಕೊಂಡು ಅಲ್ಲ, ಏನಾಗುತ್ತಿದೆ ಅಂತ ತಿಳಿದು ಕೇಳಬೇಕು. ಇದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಎಲ್ಲೋ ದೊಡ್ಡ ಪಿಟೀಲಿನಂಥ ವಾದ್ಯ ಚೆಲ್ಲೊದ ವಾದನ ಕಿವಿಗೆ ಬಿತ್ತು. "ಇದೇನು, ಮನುಷ್ಯರ ಗಂಟಲಿನ ಹಾಗೇ ಇದೆಯಲ್ಲ" ಅನ್ನಿಸಿತು. ಅಷ್ಟೇ.

ನಾನು ಹದಿನೈದು ವರ್ಷದಿಂದ ಈ ಸಂಗೀತ ಕೇಳುತ್ತಿದ್ದೇನೆ, ಪಿಯಾನೊ ಸ್ವಲ್ಪ ಕಲಿತಿದ್ದೇನೆ. ಹಾಗಾಗಿ ಅವರು ನನ್ನ ಹತ್ತಿರ ಬಂದರು. ಆಮೇಲೆ ಏಳು ತಿಂಗಳು ಇಬ್ಬರೂ ಕೂತು ಕೇಳಿದೆವು. ಮೊದಲ ಎರಡು ತಿಂಗಳಲ್ಲಿ ಏನೂ ದಕ್ಕಲಿಲ್ಲ. ಅದಕ್ಕೆ ಕಾರಣ ಅವರ ಕಿವಿಯಲ್ಲ, ನಾನು ಹೇಳಿಕೊಟ್ಟ ರೀತಿ. ಅದನ್ನು ಹಾಗೇ ಬರೆದಿಟ್ಟರೆ ಇನ್ನೊಬ್ಬರಿಗೆ ಆ ಎರಡು ತಿಂಗಳು ಉಳಿಯಬಹುದು ಅಂತ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಬಂದಾಗ ಹೇಗಿದ್ದರು

ನನ್ನ ಹತ್ತಿರ ಬರುವ ಮೊದಲೇ ಚಿಕ್ಕಪ್ಪ ತಾವೇ ಶುರು ಮಾಡಿದ್ದರು. "ಕೇಳಲೇಬೇಕಾದ ನೂರು ಕೃತಿಗಳು" ಅನ್ನುವಂಥ ಒಂದು ಪಟ್ಟಿ ಹಿಡಿದು, ದಿನಕ್ಕೊಂದರಂತೆ 38 ದಿನ ಕೇಳಿದ್ದರು. ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದಿದ್ದರು. ನಾನು ಆ ಪುಟಗಳನ್ನು ನೋಡಿದೆ. "ಚೆನ್ನಾಗಿದೆ." "ಉದ್ದ ಜಾಸ್ತಿ." "ಪರವಾಗಿಲ್ಲ." "ಚೆನ್ನಾಗಿದೆ." ಬರಬರುತ್ತಾ ಬರೀ ಟಿಕ್ ಗುರುತು.

"ಯಾವುದು ಹಿಡಿಸಿತು ಚಿಕ್ಕಪ್ಪ?" ಅಂತ ಕೇಳಿದೆ.

"ಎಲ್ಲಾ ಚೆನ್ನಾಗೇ ಇತ್ತು ಮರಿ. ಆದ್ರೆ ಒಂದೂ ನೆನಪಿಲ್ಲ."

ಈ ಮಾತಿನಲ್ಲೇ ಉತ್ತರವಿತ್ತು. ನಾನು ಅದನ್ನು ಆಗ ಹಿಡಿಯಲಿಲ್ಲ.

ಇನ್ನೊಂದು ಗಾಯವೂ ಇತ್ತು. ಒಬ್ಬರೇ ಒಂದು ಆರ್ಕೆಸ್ಟ್ರಾ ಕಛೇರಿಗೆ ಹೋಗಿದ್ದರು. ಸಿಂಫನಿಯ (ಆರ್ಕೆಸ್ಟ್ರಾಗೆ ಬರೆದ, ಹಲವು ಭಾಗಗಳ ದೊಡ್ಡ ಕೃತಿ) ಮೊದಲ ಭಾಗ ಭರ್ಜರಿಯಾಗಿ ಮುಗಿಯಿತು, ಇವರು ಚಪ್ಪಾಳೆ ತಟ್ಟಿದರು. ತಟ್ಟಿದ್ದು ಇವರೊಬ್ಬರೇ. ಮುಂದಿನ ಸಾಲಿನವರು ತಿರುಗಿ ನೋಡಿದರು. "ಅಲ್ಲಿಂದಾಚೆ ನಾನು ಸಂಗೀತ ಕೇಳಲೇ ಇಲ್ಲ. ಯಾವಾಗ ಮುಗಿಯುತ್ತೆ ಅಂತ ಪಕ್ಕದವರ ಕೈ ನೋಡ್ತಾ ಕೂತಿದ್ದೆ" ಅಂದರು. ಅದನ್ನು ಕೇಳಿ ನನಗೆ ನಿಜಕ್ಕೂ ಬೇಜಾರಾಯಿತು. ಅವರು ತಟ್ಟಿದ್ದು ಖುಷಿಯಾಗಿದ್ದಕ್ಕೆ ತಾನೇ?

ಚಪ್ಪಾಳೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹೊಸಬರು ಇದಕ್ಕೆ ಹೆದರುವಷ್ಟು ಬೇರೆ ಯಾವುದಕ್ಕೂ ಹೆದರುವುದನ್ನು ನಾನು ನೋಡಿಲ್ಲ. ಭಾಗಗಳ ನಡುವೆ ಸುಮ್ಮನಿರಬೇಕು ಅನ್ನುವುದು ಈ ಸಂಗೀತದ ಜೊತೆಗೇ ಹುಟ್ಟಿದ ನಿಯಮವಲ್ಲ. 1778ರಲ್ಲಿ ಮೊಜಾರ್ಟ್ ಪ್ಯಾರಿಸ್‌ನಿಂದ ತಂದೆಗೆ ಕಾಗದ ಬರೆದ. ತನ್ನ ಹೊಸ ಸಿಂಫನಿಯ ಮೊದಲ ಭಾಗದ ನಡುವೆ, ಇನ್ನೂ ವಾದನ ನಡೆಯುತ್ತಿರುವಾಗಲೇ, ಜನ ಚಪ್ಪಾಳೆ ತಟ್ಟಿದರು ಅಂತ ಹೆಮ್ಮೆಯಿಂದ ಹೇಳಿಕೊಂಡ. ಆ ಜಾಗ ಜನಕ್ಕೆ ಹಿಡಿಸುತ್ತದೆ ಅಂತ ಅವನಿಗೆ ಮೊದಲೇ ಗೊತ್ತಿತ್ತಂತೆ. ಬೀಥೋವನ್‌ನ ಏಳನೇ ಸಿಂಫನಿ 1813ರಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿದಾಗ, ಎರಡನೇ ಭಾಗವನ್ನು ಇನ್ನೊಮ್ಮೆ ನುಡಿಸಿ ಅಂತ ಜನ ಕೇಳಿ ನುಡಿಸಿಕೊಂಡರು. ಮೌನದ ಪದ್ಧತಿ ಬಂದದ್ದು ಆಮೇಲೆ. ಮೌನಕ್ಕೂ ಅದರದೇ ಸುಖವಿದೆ, ನನಗೆ ಅದು ಇಷ್ಟ. ಆದರೆ ಚಪ್ಪಾಳೆ ತಟ್ಟಿದವರನ್ನು ತಿರುಗಿ ದುರುಗುಟ್ಟಿ ನೋಡುವುದು ಸಂಗೀತಕ್ಕೆ ಮಾಡುವ ಸೇವೆಯಲ್ಲ.

ನಾನು ಮಾಡಿದ ತಪ್ಪು

ಚಿಕ್ಕಪ್ಪನಿಗೆ ಬೇಕಾಗಿದ್ದು ಮಾಹಿತಿ ಅಂದುಕೊಂಡೆ. ಪ್ರತಿ ಭಾನುವಾರ ಒಂದು ಗಂಟೆ ಪಾಠ ಶುರು ಮಾಡಿದೆ. ಬರೋಕ್ ಕಾಲ, ಕ್ಲಾಸಿಕಲ್ ಕಾಲ, ರೊಮ್ಯಾಂಟಿಕ್ ಕಾಲ. ಯಾರು ಯಾರ ಶಿಷ್ಯ. ಸೊನಾಟಾ ರೂಪ ಅಂದರೇನು ಅಂತ ಹಾಳೆಯ ಮೇಲೆ ಡಬ್ಬಿಗಳನ್ನು ಬರೆದು ತೋರಿಸಿದೆ. ಹೆಸರುಗಳನ್ನೂ ಬಿಡಿಸಿ ಹೇಳಿದೆ. "ಕೆ. 550" ಅಂದರೆ ಕೋಶೆಲ್ ಅನ್ನುವವರು ಮೊಜಾರ್ಟ್‌ನ ಕೃತಿಗಳಿಗೆ ಕೊಟ್ಟ ಕ್ರಮಸಂಖ್ಯೆ, ಆ ಪಟ್ಟಿ ಮೊದಲು ಅಚ್ಚಾದದ್ದು 1862ರಲ್ಲಿ, ಹೀಗೆ.

ಅವರು ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಂಡರು. ಕೇಳಿದರೆ ಉತ್ತರವನ್ನೂ ಹೇಳುತ್ತಿದ್ದರು. ಆದರೆ ಸಂಗೀತ ಹಾಕಿದ ಕೂಡಲೇ ಮುಖದಲ್ಲಿ ಅದೇ ಸಭ್ಯವಾದ ಸುಸ್ತು. ಡಬ್ಬಿಗಳ ಹೆಸರು ಗೊತ್ತು, ಕಿವಿಗೆ ಮಾತ್ರ ಯಾವ ಡಬ್ಬಿಯೂ ಸಿಗುತ್ತಿಲ್ಲ. ಎರಡು ತಿಂಗಳು ಹೀಗೇ ಹೋಯಿತು.

ಒಂದು ಭಾನುವಾರ ಪಾಠ ಬಿಟ್ಟು ಒಂದು ಸಣ್ಣ ಪರೀಕ್ಷೆ ಮಾಡಿದೆ. ಅರ್ಧ ಗಂಟೆಯ ಒಂದು ಸಿಂಫನಿ ಕೇಳಿಸಿ, "ಈಗ ಇದರಲ್ಲಿ ಏನಾದರೂ ಗುನುಗಿ ಚಿಕ್ಕಪ್ಪ" ಅಂದೆ. ಅವರು ಬಾಯಿ ತೆರೆದರು, ಏನೂ ಬರಲಿಲ್ಲ. ಆಮೇಲೆ ಯಾವುದಾದರೂ ಹಳೆಯ ಹಾಡು ಗುನುಗಿ ಅಂದೆ. ತಕ್ಷಣ ಮೂರು ಹಾಡು ಬಂದವು, ನಡುವಿನ ವಾದ್ಯದ ತುಣುಕು ಸಮೇತ.

ಆಗ ನನಗೆ ವಿಷಯ ಕಂಡಿತು. ನಾಲ್ಕು ನಿಮಿಷದ ಹಾಡಿನಲ್ಲಿ ಪಲ್ಲವಿ ನಾಲ್ಕೈದು ಸಲ ಬರುತ್ತದೆ. ಆ ಹಾಡನ್ನು ನಾವು ಬದುಕಿನಲ್ಲಿ ನೂರಾರು ಸಲ ಕೇಳಿರುತ್ತೇವೆ. ಹಿಡಿದುಕೊಳ್ಳಲು ಮಾತುಗಳಿವೆ. ಸಿಂಫನಿಯಲ್ಲಿ ಮಾತಿಲ್ಲ, ಅದು ಏಳೆಂಟು ಪಟ್ಟು ಉದ್ದ, ಕೇಳಿದ್ದು ಒಂದೇ ಸಲ. ಈ ಸಂಗೀತದ ಸುಖವೆಲ್ಲಾ ಇರುವುದು ಮೊದಲು ಬಂದದ್ದು ಆಮೇಲೆ ಹೇಗೆ ಬದಲಾಗಿ ಬಂತು ಅನ್ನುವುದರಲ್ಲಿ. ಮೊದಲು ಬಂದದ್ದೇ ನೆನಪಿಲ್ಲದಿದ್ದರೆ ಬದಲಾದದ್ದು ಗೊತ್ತಾಗುವುದು ಹೇಗೆ? ಚಿಕ್ಕಪ್ಪನಿಗೆ ಕೊರತೆಯಿದ್ದದ್ದು ಜ್ಞಾನದ್ದಲ್ಲ, ನೆನಪಿನದ್ದು. ನೂರು ಕೃತಿಯ ಪಟ್ಟಿ ಆ ಕೊರತೆಯನ್ನು ದಿನದಿನವೂ ಹೆಚ್ಚಿಸುತ್ತಿತ್ತು, ಯಾಕೆಂದರೆ ಪ್ರತಿ ದಿನದ ಕೃತಿ ಹಿಂದಿನ ದಿನದ್ದನ್ನು ಅಳಿಸಿಹಾಕುತ್ತಿತ್ತು.

ಹಳೆಯ ಕಾಲದ ಸಂಗೀತಗಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಧ್ವನಿಮುದ್ರಣ ಇಲ್ಲದ ಕಾಲ ಅದು. ಒಂದು ಸಿಂಫನಿಯನ್ನು ಜನ ಬದುಕಿನಲ್ಲಿ ಒಂದೆರಡು ಸಲ ಕೇಳಿದರೆ ಅದೇ ಹೆಚ್ಚು. ಹಾಗಾಗಿ ಹೈಡನ್, ಮೊಜಾರ್ಟ್ ಮೊದಲ ಭಾಗದ ಆರಂಭದ ಘಟ್ಟವನ್ನು ಪೂರ್ತಿಯಾಗಿ ಎರಡು ಸಲ ನುಡಿಸಿ ಅಂತ ಗುರುತು ಹಾಕಿಯೇ ಬರೆಯುತ್ತಿದ್ದರು.

ಹೈಡನ್‌ನ ಆರು ನಿಮಿಷ

ಪಟ್ಟಿಯನ್ನು ಎತ್ತಿಟ್ಟೆವು. ಪಾಠ ನಿಲ್ಲಿಸಿದೆ. ಮೂರು ವಾರ ಒಂದೇ ಒಂದು ತುಣುಕು ಅಂತ ತೀರ್ಮಾನಿಸಿದೆವು: ಹೈಡನ್‌ನ 94ನೇ ಸಿಂಫನಿಯ ಎರಡನೇ ಭಾಗ. ಆರು ನಿಮಿಷ ಚಿಲ್ಲರೆ ಅಷ್ಟೇ.

ಇದನ್ನೇ ಆರಿಸಿದ್ದಕ್ಕೆ ಕಾರಣ ಇದರ ಧಾಟಿ. ಸಸ ಗಗ ಪಪ ಗ, ಮಮ ರಿರಿ ನಿನಿ ಪ. ಮಗು ಕೂಡ ಒಂದೇ ಸಲಕ್ಕೆ ಹಾಡಬಹುದು. ಮೊದಲು ಮೆಲ್ಲಗೆ ಬರುತ್ತದೆ, ಆಮೇಲೆ ಅದೇ ಇನ್ನೂ ಮೆಲ್ಲಗೆ, ತಂತಿಗಳನ್ನು ಬೆರಳಿನಿಂದ ಮೀಟುತ್ತಾ. ಕಿವಿ ಹತ್ತಿರ ತಂದು ಕೇಳುವ ಹೊತ್ತಿಗೆ ಇಡೀ ಆರ್ಕೆಸ್ಟ್ರಾ ಒಮ್ಮೆಲೇ ಢಣ್ ಅನ್ನುತ್ತದೆ. ಈ ಸಿಂಫನಿ 1792ರ ಮಾರ್ಚ್‌ನಲ್ಲಿ ಲಂಡನ್‌ನಲ್ಲಿ ಮೊದಲು ನುಡಿಯಿತು. ನಿದ್ದೆ ಹೋದವರನ್ನು ಎಬ್ಬಿಸಲು ಹೀಗೆ ಮಾಡಿದ ಅನ್ನುವ ಕಥೆ ಎಲ್ಲ ಕಡೆ ಓಡಾಡುತ್ತದೆ. ಹೈಡನ್‌ನನ್ನೇ ಇದನ್ನು ಕೇಳಿದಾಗ ಅವನು ಹಾಗಲ್ಲ ಅಂದಿದ್ದಾನೆ. ಅದೇ ಹೊತ್ತಿಗೆ ಅವನ ಶಿಷ್ಯ ಪ್ಲೆಯೆಲ್ ಕೂಡ ಲಂಡನ್‌ನಲ್ಲಿ ಕಛೇರಿ ನಡೆಸುತ್ತಿದ್ದ. ಹಾಗಾಗಿ ಹೈಡನ್‌ಗೆ ಹೊಸದೇನಾದರೂ ಮಾಡಿ ಜನರ ಗಮನ ಸೆಳೆಯಬೇಕಾಗಿತ್ತು.

ಆ ಸದ್ದಿನಿಂದ ಹೆಸರು ಬಂತು, ನಿಜ. ಆದರೆ ನನಗೆ ಬೇಕಾಗಿದ್ದು ಅದರ ಮುಂದಿನದು. ಅದೇ ಧಾಟಿ ನಾಲ್ಕು ಸಲ ವೇಷ ಬದಲಿಸಿ ಬರುತ್ತದೆ, ಢಣ್ ಮಾತ್ರ ಮೊದಲಿನ ಜಾಗದಲ್ಲಿ ಮತ್ತೆ ಬರುವುದೇ ಇಲ್ಲ.

ಕೇಳುವುದಕ್ಕೆ ನಾವು ಇಟ್ಟುಕೊಂಡದ್ದು ಎರಡೇ ನಿಯಮ. ಒಂದು, ಇಯರ್‌ಫೋನ್ ಹಾಕಿಕೊಂಡು ಸದ್ದಿಲ್ಲದ ಕೋಣೆಯಲ್ಲಿ ಕೂತು ಕೇಳಬೇಕು. ಇದು ಶೋಕಿ ಅಲ್ಲ. ಸಿನಿಮಾ ಹಾಡುಗಳನ್ನು ಧ್ವನಿಮುದ್ರಣದಲ್ಲೇ ಒಂದೇ ಮಟ್ಟದ ಸದ್ದಿಗೆ ಒತ್ತಿ ತಂದಿರುತ್ತಾರೆ, ಗದ್ದಲದಲ್ಲೂ ಕೇಳಿಸಲಿ ಅಂತ. ಸಿಂಫನಿಯಲ್ಲಿ ಪಿಸುಮಾತಿನಿಂದ ಗುಡುಗಿನವರೆಗೂ ಸದ್ದು ಏರಿಳಿಯುತ್ತದೆ. ಫೋನಿನ ಸ್ಪೀಕರಿನಲ್ಲಿ ಪಿಸುಮಾತು ಕೇಳಿಸುವುದಿಲ್ಲ. ಚಿಕ್ಕಪ್ಪ 38 ದಿನ ಕೇಳಿದ್ದು ಹಾಗೆ, ಓಡಾಡುತ್ತಾ, ಫೋನನ್ನು ಜೇಬಿನಲ್ಲಿಟ್ಟು. ಅರ್ಧ ಸಂಗೀತ ಅವರನ್ನು ತಲುಪೇ ಇರಲಿಲ್ಲ!

ಎರಡನೆಯ ನಿಯಮ, ಪ್ರತಿ ಸಲ ಕೇಳುವ ಮೊದಲು ಒಂದೇ ಪ್ರಶ್ನೆ. "ಧಾಟಿ ಎಷ್ಟು ಸಲ ವಾಪಸ್ ಬರುತ್ತೆ?" "ಎಲ್ಲಿ ಸಿಟ್ಟು ಬರುತ್ತೆ?" "ಈ ಸಲ ಬರೀ ಕೆಳಗಿನ ದನಿ ಕೇಳಿ." ಉತ್ತರ ನಾನು ಹೇಳುವುದಿಲ್ಲ. ಅವರಿಗೆ ತೋಚಿದ್ದನ್ನು ಬರೆಯಬೇಕು.

ನೋಟ್‌ಬುಕ್ಕಿನಿಂದ ಅವರ ಅನುಮತಿ ಪಡೆದು ಕೆಲವು ಸಾಲುಗಳನ್ನು ಇಲ್ಲಿ ಕೊಡುತ್ತಿದ್ದೇನೆ.

ಮೊದಲ ಸಲ: "ಅರ್ಧ ನಿಮಿಷಕ್ಕೆ ಢಣ್. ಆಮೇಲೆ ಮತ್ತೆ ಬರುತ್ತೆ ಅಂತ ಕಾದೆ, ಬರಲಿಲ್ಲ."

ನಾಲ್ಕನೇ ಸಲ: "ನಡುವೆ ಒಂದು ಕಡೆ ಅದೇ ಧಾಟಿಗೆ ಕೋಪ ಬಂದಿದೆ. ಎಲ್ಲರೂ ಒಟ್ಟಿಗೆ ಗದರುತ್ತಾರೆ." (ಧಾಟಿ ಸಿ ಮೇಜರ್ ಅನ್ನುವ ಬೆಳಕಿನ ಸ್ವರಶ್ರೇಣಿಯಿಂದ ಸಿ ಮೈನರ್ ಅನ್ನುವ ಮಂಕು ಶ್ರೇಣಿಗೆ ಹೋಗುವ ಜಾಗ ಇದು. ಆ ಹೆಸರನ್ನು ನಾನು ಅಂದು ಹೇಳಲಿಲ್ಲ.)

ಏಳನೇ ಸಲ: "ಕೋಪ ಬರುವ ಮೊದಲು ಟ್ಯೂನ್ ಬದಲಾಯಿತು ಅಂದುಕೊಂಡಿದ್ದೆ. ಬದಲಾಗಿಲ್ಲ. ಕೆಳಗೆ ಅದೇ ಇದೆ. ಮೇಲೆ ಇನ್ನೊಂದು ದನಿ ಬಂದು ಕೂತಿದೆ."

ಈ ಏಳನೇ ಸಾಲು ಓದಿದಾಗ ನನಗೆ ಮೈ ಜುಮ್ಮೆಂದಿತು. ಎರಡು ದನಿಗಳನ್ನು ಒಟ್ಟಿಗೆ ಹಿಡಿಯುವುದು ಈ ಸಂಗೀತದ ಬಾಗಿಲು. ಎರಡು ತಿಂಗಳು ಹಾಳೆಯ ಮೇಲೆ ಡಬ್ಬಿ ಬರೆದು ಕಲಿಸಲಾಗದ್ದು ಅದು. ಅವರಿಗೆ ಅದು ಸಿಕ್ಕಿದ್ದು ಯಾಕೆ ಅಂದರೆ ಕೆಳಗಿನ ಧಾಟಿ ಅಷ್ಟು ಹೊತ್ತಿಗೆ ಬಾಯಿಪಾಠವಾಗಿತ್ತು. ಅದನ್ನು ಹಿಡಿದುಕೊಳ್ಳಲು ಕಿವಿ ಕಷ್ಟಪಡಬೇಕಾಗಿರಲಿಲ್ಲ. ಉಳಿದ ಗಮನ ಮೇಲಿನ ದನಿಗೆ ಹೋಯಿತು.

ಎಂಟನೇ ಸಲ ಮುಗಿದಾಗ ಬೇಸರ ಬಂತು. "ಸಾಕು ಮರಿ, ಇನ್ನು ತಡೆಯೋಕಾಗಲ್ಲ" ಅಂದರು. ನಾನು ಒತ್ತಾಯ ಮಾಡಲಿಲ್ಲ. ಒಂದು ವಾರ ಬಿಟ್ಟೆವು. ಆ ವಾರ ಒಂದು ದಿನ ಬಾಗಿಲಿಗೆ ಬೀಗ ಹಾಕುತ್ತಾ ಅವರು ಅದೇ ಧಾಟಿಯನ್ನು ಗುನುಗುತ್ತಿದ್ದರು. ಗುನುಗುತ್ತಿದ್ದೇನೆ ಅನ್ನುವುದು ಅವರಿಗೇ ಗೊತ್ತಿರಲಿಲ್ಲ. ಆಮೇಲೆ ಇನ್ನೂ ಮೂರು ಸಲ ಕೇಳಿದರು, ತಾವಾಗಿಯೇ.

ಹನ್ನೊಂದನೇ ಸಲದ ಸಾಲು: "ಕೊನೆಯಲ್ಲಿ ಎಲ್ಲಾ ಗದ್ದಲ ಮುಗಿದ ಮೇಲೆ ಧಾಟಿ ಮೆಲ್ಲಗೆ ಬರುತ್ತೆ. ಸ್ವರ ಅದೇ, ಆದರೆ ಕೆಳಗಿನ ನೆಲ ಬೇರೆ. ಯಾಕೆ ಸಂಜೆ ಥರ ಆಗುತ್ತೆ?" ಹಾರ್ಮೊನಿ ಅಂದರೇನು ಅಂತ ಯಾರೂ ಹೇಳದೆಯೇ ಅವರು ಅದನ್ನು ಕೇಳಿದ್ದರು. ಆಗ ಪಿಯಾನೊ ಮುಂದೆ ಕೂತು, ಒಂದೇ ಸ್ವರದ ಕೆಳಗೆ ಬೇರೆ ಬೇರೆ ಸ್ವರಗುಚ್ಛ ಇಟ್ಟು ತೋರಿಸಿದೆ. ಹತ್ತು ನಿಮಿಷ ಸಾಕಾಯಿತು. ಪ್ರಶ್ನೆ ಮೊದಲು ಬಂದಿತ್ತು, ಅದಕ್ಕೇ.

"ಇದು ಏನು ಹೇಳುತ್ತೆ?"

ಚಿಕ್ಕಪ್ಪ ಇದನ್ನು ಬಹಳ ಸಲ ಕೇಳಿದ್ದಾರೆ. ಹೊಸಬರಿಗೆ ಕಥೆ ಕಟ್ಟಿ ಹೇಳುವುದು ಸುಲಭ. "ಇಲ್ಲಿ ಮಳೆ, ಇಲ್ಲಿ ಯುದ್ಧ." ಕೆಲವು ಕೃತಿಗಳಲ್ಲಿ ಹಾಗೆ ಇದೆ ಕೂಡ. ವಿವಾಲ್ಡಿಯ ನಾಲ್ಕು ಋತುಗಳ ಕೃತಿಗಳು 1725ರಲ್ಲಿ ಅಚ್ಚಾದಾಗ ಜೊತೆಗೆ ಕವಿತೆಗಳೇ ಇದ್ದವು, ಹಕ್ಕಿ ಎಲ್ಲಿ, ಗುಡುಗು ಎಲ್ಲಿ ಅಂತ ಸ್ವರಗಳ ಪಕ್ಕದಲ್ಲೇ ಗುರುತಿದೆ. ಆದರೆ ಹೈಡನ್‌ನ ಧಾಟಿಗೆ ಕಥೆ ಹಚ್ಚಿದರೆ ಕೇಳುವವರು ಕಥೆಯನ್ನು ಹುಡುಕುತ್ತಾ ಸ್ವರವನ್ನು ಬಿಡುತ್ತಾರೆ. ಆರ್ಕೆಸ್ಟ್ರಾ ನಿರ್ವಾಹಕ ಲಿಯೊನಾರ್ಡ್ ಬರ್ನ್‌ಸ್ಟೈನ್ 1958ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಮಕ್ಕಳಿಗಾಗಿ ಟಿವಿ ಕಛೇರಿ ಶುರು ಮಾಡಿದಾಗ ಮೊದಲ ದಿನವೇ ಎತ್ತಿಕೊಂಡದ್ದು ಈ ಪ್ರಶ್ನೆಯನ್ನೇ. ಸಂಗೀತದ ಅರ್ಥ ಸ್ವರಗಳಲ್ಲಿದೆ, ಅದಕ್ಕೆ ಅಂಟಿಸಿದ ಕಥೆಯಲ್ಲಿಲ್ಲ ಅನ್ನುವುದು ಅವರ ನಿಲುವು. ನಾನೂ ಅದನ್ನೇ ನಂಬಿದವನು. ಚಿಕ್ಕಪ್ಪನಿಗೆ ಹೇಳಿದ್ದು ಇಷ್ಟೇ: "ನಿಮಗೆ ಸಂಜೆ ಅನ್ನಿಸಿದರೆ ಸಂಜೆ. ಆದರೆ ಯಾವ ಸ್ವರಕ್ಕೆ ಹಾಗನ್ನಿಸಿತು ಅಂತ ಬರೆದಿಡಿ."

ಮೊಜಾರ್ಟ್ ಮತ್ತು ಎರಡು ನಿಮಿಷದ ವ್ಯತ್ಯಾಸ

ಹೈಡನ್ ಆದ ಮೇಲೆ ವಾದ್ಯಗಳ ಗುರುತು ಹಿಡಿಯಲು ಬೆಂಜಮಿನ್ ಬ್ರಿಟನ್ ಅನ್ನುವ ಸಂಗೀತಗಾರ 1945ರಲ್ಲಿ ಬರೆದ, ಎಳೆಯರಿಗೆ ಆರ್ಕೆಸ್ಟ್ರಾ ಪರಿಚಯಿಸುವ ಕೃತಿಯನ್ನು ತೆಗೆದುಕೊಂಡೆವು. ಪರ್ಸೆಲ್ 1695ರಲ್ಲಿ ಒಂದು ನಾಟಕಕ್ಕೆ ಬರೆದ ಧಾಟಿ ಅದಕ್ಕೆ ಆಧಾರ. ಅದೇ ಧಾಟಿಯನ್ನು ಒಂದೊಂದು ಬಗೆಯ ವಾದ್ಯ ತನ್ನ ರೀತಿಯಲ್ಲಿ ನುಡಿಸುತ್ತದೆ. ಕೊನೆಗೆ ಎಲ್ಲವೂ ಒಂದರ ಹಿಂದೊಂದು ಓಡಿ ಬಂದು ಸೇರುತ್ತವೆ, ಆ ಓಟದ ಮೇಲೆ ಹಿತ್ತಾಳೆ ವಾದ್ಯಗಳು ಹಳೆಯ ಧಾಟಿಯನ್ನು ಎತ್ತಿ ಹಿಡಿಯುತ್ತವೆ. ಚಿಕ್ಕಪ್ಪ ಅಲ್ಲಿ ಕುರ್ಚಿಯಿಂದ ಎದ್ದು ನಿಂತರು. ಇದಕ್ಕಿಂತ ಹೆಚ್ಚು ಇದರ ಬಗ್ಗೆ ಹೇಳಬೇಕಿಲ್ಲ.

ಆಮೇಲೆ ಮೊಜಾರ್ಟ್‌ನ 40ನೇ ಸಿಂಫನಿಯ ಮೊದಲ ಭಾಗ. 1788ರ ಬೇಸಿಗೆಯಲ್ಲಿ ಅವನು ಒಟ್ಟಿಗೆ ಮೂರು ಸಿಂಫನಿ ಬರೆದ, ಇದು ನಡುವಿನದು. ಅವರ 38 ದಿನದ ಪಟ್ಟಿಯಲ್ಲೂ ಇದು ಇತ್ತು. ಅಲ್ಲಿ ಬರೆದದ್ದು "ಪರವಾಗಿಲ್ಲ".

ಈ ಸಲ ಅವರು ಲೆಕ್ಕದವರ ಬುದ್ಧಿ ಉಪಯೋಗಿಸಿದರು. ಎರಡು ಬೇರೆ ಆರ್ಕೆಸ್ಟ್ರಾಗಳ ಮುದ್ರಣ ಕೇಳಿ, "ಒಂದು ಇನ್ನೊಂದಕ್ಕಿಂತ ಸುಮಾರು ಎರಡು ನಿಮಿಷ ಉದ್ದ ಇದೆ. ವೇಗ ಮಾತ್ರ ಒಂದೇ. ಈ ಎರಡು ನಿಮಿಷ ಎಲ್ಲಿ ಹೋಯಿತು?" ಅಂತ ಕೇಳಿದರು. ಎಷ್ಟು ಒಳ್ಳೆಯ ಪ್ರಶ್ನೆ! ಒಂದು ಮುದ್ರಣದಲ್ಲಿ ಆರಂಭದ ಘಟ್ಟವನ್ನು ಮೊಜಾರ್ಟ್ ಗುರುತು ಹಾಕಿದಂತೆ ಎರಡು ಸಲ ನುಡಿಸಿದ್ದರು, ಇನ್ನೊಂದರಲ್ಲಿ ಒಂದೇ ಸಲ. ನೀವೇ ಹುಡುಕಿ ಅಂದೆ. ಎರಡು ದಿನ ಬಿಟ್ಟು ಹುಡುಕಿಕೊಂಡು ಬಂದರು. ಆ ಹುಡುಕಾಟದಲ್ಲಿ ಆರಂಭದ ಘಟ್ಟದ ಗಡಿ ಅವರಿಗೆ ತಾನೇ ಗೊತ್ತಾಗಿತ್ತು. ಡಬ್ಬಿಯ ಚಿತ್ರ ಇಲ್ಲದೆ.

ಐದಾರು ಸಲ ಕೇಳಿದ ಮೇಲೆ ಇನ್ನೊಂದು ಸಾಲು ಬರೆದರು: "ಎರಡನೇ ಟ್ಯೂನ್ ಮೊದಲ ಸಲ ಬಂದಾಗ ಹಗುರ. ಕೊನೆಯಲ್ಲಿ ಬರುವಾಗ ಅದೇ ಟ್ಯೂನ್ ಅಳುಮುಖ." ನಿಜ. ಮೊದಲು ಬಿ ಫ್ಲಾಟ್ ಮೇಜರ್‌ನಲ್ಲಿ ಬರುವ ಆ ಧಾಟಿ ಕೊನೆಗೆ ಜಿ ಮೈನರ್‌ನಲ್ಲಿ ಬರುತ್ತದೆ. ಇಡೀ ಭಾಗದ ದುಃಖ ಇರುವುದು ಆ ಬದಲಾವಣೆಯಲ್ಲಿ. "ಇದಕ್ಕೇ ಸೊನಾಟಾ ರೂಪ ಅನ್ನೋದು ಚಿಕ್ಕಪ್ಪ" ಅಂದೆ. ಹಳೆಯ ಡಬ್ಬಿ ಹಾಳೆ ತೆಗೆದು ನೋಡಿ, "ಓ, ಇದನ್ನಾ ನೀನು ಬರೆದಿದ್ದು" ಅಂದರು.

ಮತ್ತೆ ಕಛೇರಿಗೆ

ಆರನೇ ತಿಂಗಳು ಅದೇ 40ನೇ ಸಿಂಫನಿ ಇದ್ದ ಒಂದು ಕಛೇರಿಗೆ ಇಬ್ಬರೂ ಹೋದೆವು. ನಾಲ್ಕು ಭಾಗ, ನಿರ್ವಾಹಕರು ಕೈ ಪೂರ್ತಿ ಕೆಳಗಿಳಿಸಿ ತಿರುಗುವವರೆಗೆ ಕಾಯುವುದು, ಇಷ್ಟನ್ನೇ ಮಾತಾಡಿಕೊಂಡಿದ್ದೆವು. ಮೊದಲ ಭಾಗದಲ್ಲಿ ಎರಡನೇ ಟ್ಯೂನ್ ಅಳುಮುಖವಾಗಿ ಬಂದ ಕೂಡಲೇ ಅವರು ನನ್ನ ಮುಂಗೈ ಹಿಡಿದರು. ಬಿಡಲೇ ಇಲ್ಲ.

ಎರಡನೇ ಭಾಗದಲ್ಲಿ ಅವರ ಗಮನ ಹೋಯಿತು. ನಿಧಾನದ ಆ ಭಾಗವನ್ನು ನಾವು ಒಟ್ಟಿಗೆ ಕೇಳಿದ್ದು ಎರಡೇ ಸಲ, ಅದು ಎದ್ದು ಕಂಡಿತು. ನಾಲ್ಕನೇ ಭಾಗದಲ್ಲಿ ವಾಪಸ್ ಬಂದರು. ಹೊರಗೆ ಬಂದ ಮೇಲೆ ಹೇಳಿದ್ದು, "ಚಪ್ಪಾಳೆ ವಿಷಯ ಮರೆತೇ ಹೋಗಿತ್ತು."

ಸಿಕ್ಕಿದ್ದೇನು ಅಂತ ನೋಡಿದರೆ ಏಳು ತಿಂಗಳಲ್ಲಿ ಚಿಕ್ಕಪ್ಪನಿಗೆ ಚೆನ್ನಾಗಿ ಗೊತ್ತಿರುವ ಕೃತಿಗಳು ಬರೀ ಐದು. ಪಟ್ಟಿಯ ಲೆಕ್ಕದಲ್ಲಿ ಇದು ತೀರಾ ಕಮ್ಮಿ. ಆದರೆ ಆರನೆಯದನ್ನು ಕೇಳುವಾಗ ಅವರು ತಾವಾಗಿಯೇ ಧಾಟಿ ಹುಡುಕುತ್ತಾರೆ, ಅದು ವಾಪಸ್ ಬರಲಿ ಅಂತ ಕಾಯುತ್ತಾರೆ. ಗಾಯನ ಇರುವ ಕೃತಿಗಳ ಕಡೆಗೆ ನಾವು ಹೆಚ್ಚು ಹೋಗಿಲ್ಲ. ಒಪೆರಾ ಎರಡು ಸಲ ಹಾಕಿದೆ, ಅವರಿಗೆ ಹಿಡಿಸಲಿಲ್ಲ, ಬಿಟ್ಟೆವು. ಇಪ್ಪತ್ತನೇ ಶತಮಾನದ ಹಲವು ಕೃತಿಗಳಲ್ಲಿ ಗುನುಗಲು ಸಿಗುವ ಧಾಟಿಯೇ ಇರುವುದಿಲ್ಲ, ಅಲ್ಲಿ ಈ ದಾರಿ ನಡೆಯುತ್ತದಾ ಅಂತ ನಾವಿನ್ನೂ ನೋಡಬೇಕು.

ಈಗ ಅವರು ಹಿಡಿದಿರುವುದು ಬಾಖ್‌ನ ಸಿ ಮೈನರ್ ಫ್ಯೂಗ್, "ವೆಲ್-ಟೆಂಪರ್ಡ್ ಕ್ಲೇವಿಯರ್" ಅನ್ನುವ ಸಂಗ್ರಹದ ಮೊದಲ, 1722ರ ಪುಸ್ತಕದ್ದು. ಎರಡು ನಿಮಿಷ ಕೂಡ ಇಲ್ಲ. ಮೂರು ದನಿ, ಒಂದೇ ಧಾಟಿಯನ್ನು ಒಂದರ ಹಿಂದೊಂದು ಎತ್ತಿಕೊಳ್ಳುತ್ತವೆ. ಆರು ವಾರದಿಂದ ಅದೇ ನಡೆದಿದೆ. ನಿನ್ನೆ ನೋಟ್‌ಬುಕ್ ತೋರಿಸಿದರು. ಮೇಲಿನ ದನಿಗೆ ನೀಲಿ ಗೆರೆ, ನಡುವಿನದಕ್ಕೆ ಕೆಂಪು ಗೆರೆ, ಪುಟದ ಉದ್ದಕ್ಕೂ. ಕೆಳಗಿನ ದನಿಗೆ ಪೆನ್ಸಿಲ್ ಗೆರೆ ಶುರುವಾಗಿ ಅರ್ಧಕ್ಕೆ ನಿಂತಿದೆ, ಪಕ್ಕದಲ್ಲಿ "ಇಲ್ಲಿಂದ ಎಲ್ಲಿ ಹೋದ?" ಅಂತ ಬರೆದಿದ್ದಾರೆ.